ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್: ಗ್ರಂಥಿಗಳ ಲೆಕ್ಕ ಕೇಳಿ ಪಡೆಯುವುದು ಹೇಗೆ

ನಾನು ದಾವಣಗೆರೆಯ ಒಂದು ಲ್ಯಾಬಿನಲ್ಲಿ ಪೆಥಾಲಜಿಸ್ಟ್. ಆಪರೇಷನ್ ಮಾಡಿ ತೆಗೆದ ಭಾಗವನ್ನು ಕತ್ತರಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ರೋಗಿಗಳ ಮುಖ ನಾನು ನೋಡುವುದು ಕಡಿಮೆ. ಅವರ ಮನೆಯವರನ್ನು ಮಾತ್ರ ದಿನವೂ ನೋಡುತ್ತೇನೆ. ಹರಿಹರ, ರಾಣೆಬೆನ್ನೂರು, ಚಿತ್ರದುರ್ಗದ ಕಡೆಯ ಸಣ್ಣ ಆಸ್ಪತ್ರೆಗಳಿಂದ ಆಪರೇಷನ್ನಿನ ಡಬ್ಬಿ ಹೊತ್ತು ತರುವವರು ಅವರೇ. ಡಬ್ಬಿ ಕೊಟ್ಟು, ರಸೀದಿ ತಗೊಂಡು, ಹೊರಡುವ ಮುಂಚೆ ಒಂದೇ ಪ್ರಶ್ನೆ ಕೇಳುತ್ತಾರೆ: "ಮೇಡಂ, ಹರಡಿದೆಯಾ?"

ಆ ಪ್ರಶ್ನೆಯನ್ನು ಎರಡಾಗಿ ಮಾಡಿ ಕೇಳಿ ಅನ್ನುವುದು ನನ್ನ ಮನವಿ. ಎಷ್ಟು ಲಿಂಫ್ ಗ್ರಂಥಿಗಳು (ಲಿಂಫ್ ಎಂಬ ದ್ರವವನ್ನು ಸೋಸುವ ಸಣ್ಣ ಗಂಟುಗಳು) ಸಿಕ್ಕವು? ಅದರಲ್ಲಿ ಎಷ್ಟರಲ್ಲಿ ಕ್ಯಾನ್ಸರ್ ಇದೆ? ಕೀಮೋ ಬೇಕೋ ಬೇಡವೋ, ಬೇಕಾದರೆ ಎಷ್ಟು ತಿಂಗಳು, ಇದೆಲ್ಲ ಬಹುಪಾಲು ಈ ಎರಡು ಸಂಖ್ಯೆಗಳ ಮೇಲೆ ನಿಂತಿದೆ. ಎರಡನೇ ಸಂಖ್ಯೆಯನ್ನು ಎಲ್ಲರೂ ಕೇಳುತ್ತಾರೆ. ಮೊದಲನೆಯದನ್ನು ಯಾರೂ ಕೇಳುವುದಿಲ್ಲ. ಮೊದಲನೆಯದು ಸರಿ ಇಲ್ಲದಿದ್ದರೆ ಎರಡನೆಯದನ್ನು ನಂಬುವುದು ಕಷ್ಟ.

ಇಲ್ಲಿ ಬರೆದಿರುವುದು ದೊಡ್ಡ ಕರುಳಿನ ಬಗ್ಗೆ ಮಾತ್ರ. ಗುದನಾಳದ ಕ್ಯಾನ್ಸರಿಗೆ ಎಷ್ಟೋ ಸಲ ಆಪರೇಷನ್ನಿಗೆ ಮೊದಲೇ ರೇಡಿಯೇಷನ್ ಕೊಡುತ್ತಾರೆ. ಅದರ ದಾರಿ ಬೇರೆ.

ನಾಲ್ಕು ಸೆಂಟಿಮೀಟರ್ ಗಡ್ಡೆಗೆ ಇಷ್ಟುದ್ದ ಕರುಳು ಯಾಕೆ?

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ ಇರುತ್ತದೆ. ಅದಕ್ಕೆ ರಕ್ತ ತರುವ ನಾಳಗಳು ಬೆನ್ನಿನ ಕಡೆಯಿಂದ ಒಂದು ಕೊಬ್ಬಿನ ಪದರದೊಳಗೆ ಬರುತ್ತವೆ. ಇದಕ್ಕೆ ಮೆಸೆಂಟರಿ ಅನ್ನುತ್ತೇವೆ. ಲಿಂಫ್ ಹರಿಯುವ ಸಣ್ಣ ನಾಳಗಳು ಇರುವುದೂ ಇದೇ ಕೊಬ್ಬಿನಲ್ಲಿ. ಅವುಗಳ ದಾರಿಯುದ್ದಕ್ಕೂ ಗ್ರಂಥಿಗಳಿವೆ. ಕೆಲವು ಕರುಳಿಗೆ ಅಂಟಿಕೊಂಡೇ ಇರುತ್ತವೆ. ಕೆಲವು ರಕ್ತನಾಳದ ನಡುದಾರಿಯಲ್ಲಿ, ಇನ್ನು ಕೆಲವು ಆ ನಾಳ ಹುಟ್ಟುವ ಬುಡದಲ್ಲಿ. ಗಡ್ಡೆಯಿಂದ ಬಿಡಿಸಿಕೊಂಡ ಕ್ಯಾನ್ಸರ್ ಕಣಗಳು ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಮುಂದೆ ಹೋಗುತ್ತವೆ. ನಡುವಿನದನ್ನು ಬಿಟ್ಟು ನೇರ ಬುಡಕ್ಕೆ ಹಾರುವುದೂ ಇದೆ, ಆದರೆ ಅಪರೂಪ.

ಹಾಗಾದರೆ ಗಡ್ಡೆಯನ್ನೂ ಗ್ರಂಥಿಗಳನ್ನೂ ಮಾತ್ರ ಬಿಡಿಸಿ ತೆಗೆಯಬಾರದಾ ಎಂದು ಒಬ್ಬ ರೈತರು ನನ್ನನ್ನು ಕೇಳಿದ್ದರು. ಬಹಳ ಒಳ್ಳೆಯ ಪ್ರಶ್ನೆ. ಆಗುವುದಿಲ್ಲ. ಗ್ರಂಥಿಗಳು ರಕ್ತನಾಳಕ್ಕೆ ತಬ್ಬಿಕೊಂಡು ಕೂತಿರುತ್ತವೆ. ಅವನ್ನು ಪೂರ್ತಿ ತೆಗೆಯಬೇಕಾದರೆ ನಾಳವನ್ನು ಬುಡದಲ್ಲೇ ಕಟ್ಟಿ ಕತ್ತರಿಸಬೇಕು. ಕತ್ತರಿಸಿದ ಮೇಲೆ ಆ ನಾಳ ಸಾಕುತ್ತಿದ್ದ ಕರುಳಿಗೆ ರಕ್ತ ಇಲ್ಲ. ಅದು ಬದುಕುವುದಿಲ್ಲ. ಆದ್ದರಿಂದ ಆ ಉದ್ದಕ್ಕೂ ಕರುಳು, ಕೊಬ್ಬು, ನಾಳ, ಗ್ರಂಥಿ ಎಲ್ಲ ಒಂದೇ ತುಂಡಾಗಿ, ತ್ರಿಕೋನದ ಆಕಾರದಲ್ಲಿ ಹೊರಬರುತ್ತದೆ. ಗಡ್ಡೆಯ ಎರಡೂ ಕಡೆ ಕನಿಷ್ಠ 5 ಸೆಂಟಿಮೀಟರ್ ಒಳ್ಳೆಯ ಕರುಳು ಸೇರಿಸಿ ತೆಗೆಯುವುದು ವಾಡಿಕೆ. ನಾಳದ ಲೆಕ್ಕದಲ್ಲಿ ಅದಕ್ಕಿಂತ ಜಾಸ್ತಿಯೇ ಹೋಗುತ್ತದೆ.

ಗಡ್ಡೆ ಬಲಗಡೆ ಇದ್ದರೆ ಸಣ್ಣ ಕರುಳಿನ ತುದಿ, ಅಪೆಂಡಿಕ್ಸ್, ಏರುಗರುಳು (ದೊಡ್ಡ ಕರುಳು ಬಲಗಡೆ ಮೇಲೇರುವ ಭಾಗ) ಎಲ್ಲ ಸೇರಿ ತೆಗೆಯುತ್ತಾರೆ. ಇದು ರೈಟ್ ಹೆಮಿಕೊಲೆಕ್ಟಮಿ. ಎಡಗಡೆ ಇದ್ದರೆ ಲೆಫ್ಟ್ ಹೆಮಿಕೊಲೆಕ್ಟಮಿ, ಕೆಳಗಿನ ಡೊಂಕು ಭಾಗವಾದರೆ ಸಿಗ್ಮಾಯ್ಡ್ ಕೊಲೆಕ್ಟಮಿ. ಉಳಿದ ಎರಡು ತುದಿಗಳನ್ನು ಜೋಡಿಸುತ್ತಾರೆ. ಹೆಚ್ಚಿನವರಿಗೆ ಹೊಟ್ಟೆಯ ಮೇಲೆ ಮಲದ ಚೀಲ ಬೇಕಾಗುವುದಿಲ್ಲ. ಕರುಳು ಕಟ್ಟಿಕೊಂಡು ಅಥವಾ ತೂತಾಗಿ ತುರ್ತಾಗಿ ಮಾಡುವ ಆಪರೇಷನ್ನಿನಲ್ಲಿ ಬೇಕಾಗಬಹುದು.

ಆ ಕೊಬ್ಬಿನ ಪದರ ಹರಿಯದಂತೆ, ಅದರ ಹೊದಿಕೆ ಸಮೇತ ಬಿಡಿಸಿ ತೆಗೆಯುವುದು ಒಂದು ಕಲೆ. ಗುದನಾಳದಲ್ಲಿ ಇದರ ಬೆಲೆಯನ್ನು 1982ರಲ್ಲಿ ಇಂಗ್ಲೆಂಡಿನ ಸರ್ಜನ್ ಬಿಲ್ ಹೀಲ್ಡ್ ತೋರಿಸಿದರು. ದೊಡ್ಡ ಕರುಳಿಗೆ ಅದೇ ಮಾತನ್ನು 2009ರಲ್ಲಿ ಜರ್ಮನಿಯ ಎರ್ಲಾಂಗೆನ್ನಿನ ವರ್ನರ್ ಹೋಹೆನ್‌ಬರ್ಗರ್ ಹೇಳಿದರು: ಹೊದಿಕೆ ಹರಿಯಬೇಡಿ, ನಾಳವನ್ನು ಬುಡದಲ್ಲೇ ಕಟ್ಟಿ. ಕೆಲವು ಡಬ್ಬಿ ತೆರೆದಾಗ ನನಗೆ ನಿಜಕ್ಕೂ ಕೈ ಮುಗಿಯಬೇಕು ಅನ್ನಿಸುತ್ತದೆ. ಕೊಬ್ಬಿನ ಮೈ ನುಣ್ಣಗೆ, ಎಲ್ಲೂ ಗೀರಿಲ್ಲದೆ ಹೊಳೆಯುತ್ತಿರುತ್ತದೆ. ಹೊಟ್ಟೆ ಕೊಯ್ದು ಮಾಡಿದರಾ, ಸಣ್ಣ ತೂತುಗಳ ಮೂಲಕ ಲ್ಯಾಪರೋಸ್ಕೋಪಿಯಲ್ಲಿ ಮಾಡಿದರಾ ಎಂಬುದಕ್ಕಿಂತ ಇದು ಮುಖ್ಯ. ನುರಿತ ಕೈಯಲ್ಲಿ ಎರಡೂ ವಿಧಾನದಲ್ಲಿ ಕ್ಯಾನ್ಸರ್ ಮರಳುವ ಪ್ರಮಾಣ ಒಂದೇ ಎಂದು 2004ರಲ್ಲೇ ಅಮೆರಿಕದ ಟ್ರಯಲ್ ಒಂದು ತೋರಿಸಿದೆ.

ಆಪರೇಷನ್ನಿಗೆ ಮುಂಚೆ ಕೇಳಿ

ಮೂರು ಪರೀಕ್ಷೆ ಆಗಿದೆಯಾ ನೋಡಿಕೊಳ್ಳಿ. ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನ್. ಸಿಇಎ ಎಂಬ ರಕ್ತಪರೀಕ್ಷೆ (ಈ ಕ್ಯಾನ್ಸರ್ ಇದ್ದಾಗ ಏರಬಹುದಾದ ಅಂಕಿ). ಕರುಳಿನ ಕೊನೆಯವರೆಗೂ ಹೋದ ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ನಳಿಕೆ ಹಾಕಿ ನೋಡುವುದು. ಸಿಇಎ ಸುಮ್ನೆ ಬರೆಯುವ ಟೆಸ್ಟ್ ಅಲ್ಲ. ಆಪರೇಷನ್ನಿಗೆ ಮುಂಚೆ ಎಷ್ಟಿತ್ತು ಎಂದು ಗೊತ್ತಿದ್ದರೆ ಮಾತ್ರ ಮುಂದಿನ ವರ್ಷಗಳ ಅಂಕಿಗೆ ಅರ್ಥ ಬರುತ್ತದೆ. ಗಡ್ಡೆ ಅಡ್ಡ ಬಂದು ಕೊಲೊನೋಸ್ಕೋಪಿ ಅರ್ಧಕ್ಕೇ ನಿಂತಿದ್ದರೆ, ಆಪರೇಷನ್ ಆದ 3ರಿಂದ 6 ತಿಂಗಳೊಳಗೆ ಉಳಿದ ಭಾಗ ನೋಡಿಸಬೇಕು. ಇದನ್ನು ಬರೆದಿಟ್ಟುಕೊಳ್ಳಿ, ಎಷ್ಟೋ ಜನ ಮರೆಯುತ್ತಾರೆ.

ಸಿಟಿಯಲ್ಲಿ "ಗ್ರಂಥಿ ದೊಡ್ಡದಾಗಿದೆ" ಎಂದು ಬರೆದಿದ್ದರೆ ಎದೆ ಒಡೆದುಕೊಳ್ಳಬೇಡಿ. "ಗ್ರಂಥಿ ಕಾಣುತ್ತಿಲ್ಲ" ಎಂದು ಬರೆದಿದ್ದರೆ ನಿರಾಳವೂ ಆಗಬೇಡಿ. ಸೋಂಕಿಗೆ ಊದಿಕೊಂಡ ಗ್ರಂಥಿ ದೊಡ್ಡದಾಗಿ ಕಾಣುತ್ತದೆ. ಕ್ಯಾನ್ಸರ್ ಹೊಕ್ಕ ಗ್ರಂಥಿ 4 ಮಿಲಿಮೀಟರ್ ಇರಬಹುದು. ಕೊನೆಯ ಮಾತು ಮೈಕ್ರೋಸ್ಕೋಪಿನದು.

ಸರ್ಜನ್ ಹತ್ತಿರ ಹಿಂಜರಿಯದೆ ಕೇಳಿ: "ಸರ್, ಗ್ರಂಥಿಗಳ ಕೊಬ್ಬನ್ನೂ ಸೇರಿಸಿ ಪೂರ್ತಿ ತುಂಡು ಲ್ಯಾಬಿಗೆ ಹೋಗುತ್ತಾ?" ಈ ಒಂದು ಪ್ರಶ್ನೆಗೆ ಕಾರಣ ಇದೆ. ಒಂದು ಆಸ್ಪತ್ರೆಯಿಂದ ನನಗೆ ಅಂಗೈಯಗಲದ ಡಬ್ಬಿ ಬಂತು. ಒಳಗೆ ಗಡ್ಡೆಯ ತುಂಡು ಮಾತ್ರ. ಫೋನ್ ಮಾಡಿ ಕೇಳಿದರೆ, ಡಬ್ಬಿಯಲ್ಲಿ ಹಿಡಿಸಲಿಲ್ಲ, ಉಳಿದ ಕರುಳು ಮತ್ತು ಕೊಬ್ಬನ್ನು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹಾಕಿದೆವು ಅಂದರು. ಆ ಹೆಣ್ಣುಮಗಳಿಗೆ ಗ್ರಂಥಿಗೆ ಹರಡಿತ್ತೋ ಇಲ್ಲವೋ ಎಂದು ಈಗ ಯಾರೂ ಹೇಳಲಾರರು. ಅವಳ ರಿಪೋರ್ಟಿನಲ್ಲಿ "ಗ್ರಂಥಿಗಳು ಬಂದಿಲ್ಲ" ಎಂದು ಬರೆಯುವಾಗ ನನಗೆ ಆದ ಸಂಕಟ ಇನ್ನೂ ಇದೆ. ಈ ಬರಹ ಬರೆಯುತ್ತಿರುವುದೂ ಅದಕ್ಕೇ.

ಡಬ್ಬಿ ನಿಮ್ಮ ಕೈಗೆ ಬಂದರೆ

ದೊಡ್ಡ ಆಸ್ಪತ್ರೆಗಳಲ್ಲಿ ಲ್ಯಾಬ್ ಒಳಗೇ ಇರುತ್ತದೆ, ಈ ತಲೆನೋವಿಲ್ಲ. ಸಣ್ಣ ಊರಿನಲ್ಲಿ ಡಬ್ಬಿ ನಿಮ್ಮ ಕೈಗೇ ಬರುತ್ತದೆ. ಆಗ ಇಷ್ಟು ನೋಡಿ.

ಡಬ್ಬಿ ಅಗಲ ಬಾಯಿಯದಾಗಿರಲಿ. ಒಳಗಿನ ದ್ರವ ತುಂಡು ಕೆಡದಂತೆ ಕಾಯುವ ಫಾರ್ಮಲಿನ್ ಆಗಿರಬೇಕು. ನೀರಲ್ಲ, ಸಲೈನ್ ಅಲ್ಲ, ಸ್ಪಿರಿಟ್ ಅಲ್ಲ. ಸಲೈನಿನಲ್ಲಿ ಕೂತ ಕರುಳು ನನ್ನ ಟೇಬಲ್ಲಿಗೆ ಬರುವಷ್ಟರಲ್ಲಿ ಕೊಳೆಯಲು ಶುರುವಾಗಿರುತ್ತದೆ. ಬೇಸಿಗೆಯಲ್ಲಂತೂ ಕೇಳಲೇಬೇಡಿ. ತುಂಡು ಪೂರ್ತಿ ಮುಳುಗಿರಬೇಕು. ತುಂಡಿನ ಹತ್ತು ಪಾಲು ಫಾರ್ಮಲಿನ್ ಇದ್ದರೆ ಬಹಳ ಒಳ್ಳೆಯದು. ಡಬ್ಬಿಯಲ್ಲಿ ಒತ್ತಿ ತುರುಕಿದ್ದರೆ ಮಧ್ಯಭಾಗಕ್ಕೆ ಫಾರ್ಮಲಿನ್ ಇಳಿಯುವುದಿಲ್ಲ. ಫ್ರೀಜರಿನಲ್ಲಿ ಇಡಬೇಡಿ, ಹೆಪ್ಪುಗಟ್ಟಿದರೆ ಜೀವಕೋಶಗಳು ಒಡೆಯುತ್ತವೆ. ಮುಚ್ಚಳ ಬಿಗಿಯಾಗಿರಲಿ. ದಾರಿಯಲ್ಲಿ ತೆರೆದು ನೋಡಬೇಡಿ, ಅದರ ಹೊಗೆ ಕಣ್ಣು ಗಂಟಲು ಉರಿಸುತ್ತದೆ. ಡಬ್ಬಿಯ ಮೈ ಮೇಲೆ ಹೆಸರು, ವಯಸ್ಸು, ಆಸ್ಪತ್ರೆಯ ನಂಬರ್ ಇರಲಿ. ಮುಚ್ಚಳದ ಮೇಲೆ ಬರೆದರೆ ಸಾಲದು, ಮುಚ್ಚಳ ಅದಲುಬದಲಾಗುತ್ತದೆ. ಕೊಲೊನೋಸ್ಕೋಪಿ ಮತ್ತು ಸಿಟಿ ರಿಪೋರ್ಟಿನ ಜೆರಾಕ್ಸ್ ಜೊತೆಗಿರಲಿ. ಅದೇ ದಿನ ತಲುಪಿಸಿ.

ಎರಡು ಲ್ಯಾಬಿನ ಅಭಿಪ್ರಾಯ ಬೇಕು ಎಂದು ತುಂಡನ್ನು ಎರಡು ಮಾಡಿ ಕಳಿಸುವವರಿದ್ದಾರೆ. ದಯವಿಟ್ಟು ಬೇಡ. ಗಡ್ಡೆ ಎಷ್ಟು ಆಳ ಇಳಿದಿದೆ, ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯಾ ಎಂಬ ಲೆಕ್ಕವೇ ತಪ್ಪಿಹೋಗುತ್ತದೆ. ಎರಡನೇ ಅಭಿಪ್ರಾಯಕ್ಕೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ನಾವು ಗ್ರಂಥಿ ಹುಡುಕುವ ಬಗೆ

ತುಂಡು ಒಂದೆರಡು ದಿನ ಫಾರ್ಮಲಿನ್ನಿನಲ್ಲಿ ನೆನೆದ ಮೇಲೆ ಕೊಬ್ಬು ಗಟ್ಟಿಯಾಗುತ್ತದೆ. ಆಗ ಅದನ್ನು ತೆಳ್ಳಗೆ ಹೋಳು ಮಾಡುತ್ತೇವೆ. ಒಂದೊಂದು ಹೋಳನ್ನೂ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಒತ್ತುತ್ತಾ ಹೋಗುತ್ತೇವೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಕಣ್ಣಿಗೆ ಕಾಣುವ ಮುಂಚೆ ಬೆರಳಿಗೆ ಸಿಗುತ್ತದೆ. 2 ಮಿಲಿಮೀಟರಿನಿಂದ 1 ಸೆಂಟಿಮೀಟರ್ ವರೆಗೂ ಇರುತ್ತವೆ. ದೊಡ್ಡವು ಐದು ನಿಮಿಷದಲ್ಲಿ ಸಿಗುತ್ತವೆ. ತಾಳ್ಮೆ ಬೇಕಾಗುವುದು ಸಣ್ಣವಕ್ಕೆ. ಕ್ಯಾನ್ಸರ್ ಹೊಕ್ಕ ಗ್ರಂಥಿಗಳಲ್ಲಿ ಬಹಳಷ್ಟು 5 ಮಿಲಿಮೀಟರಿಗಿಂತ ಸಣ್ಣವೇ ಆಗಿರುತ್ತವೆ. ದೊಡ್ಡದು ಸಿಕ್ಕಿತಲ್ಲ ಎಂದು ಚಾಕು ಕೆಳಗಿಟ್ಟರೆ ಕೆಲಸ ಕೆಟ್ಟಿತು.

ಸಿಕ್ಕ ಗ್ರಂಥಿಗಳನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳುವಾದ ಪದರ ಕೊಯ್ದು, ಬಣ್ಣ ಹಾಕಿ ನೋಡುತ್ತೇವೆ. ಒಳ್ಳೆಯ ಗ್ರಂಥಿ ಒಂದೇ ಸಮನೆ ನೀಲಿಯಾಗಿ ಕಾಣುತ್ತದೆ. ಕ್ಯಾನ್ಸರ್ ಬಂದಿದ್ದರೆ ಮೊದಲು ಅಂಚನ್ನು ನೋಡಬೇಕು. ಹೊದಿಕೆಯ ಕೆಳಗೇ ಲಿಂಫ್ ಒಳಬರುವ ಜಾಗ ಇದೆ, ಕಣಗಳು ಮೊದಲು ತಂಗುವುದು ಅಲ್ಲಿ. ಇಷ್ಟೆಲ್ಲ ಆಗಲು ಒಂದು ವಾರ, ಕೆಲವೊಮ್ಮೆ ಹತ್ತು ದಿನ ಹಿಡಿಯುತ್ತದೆ. ದಿನಾ ಫೋನ್ ಮಾಡುವವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಈ ಕೆಲಸವನ್ನು ಅವಸರ ಮಾಡಿಸಬೇಡಿ.

ರಿಪೋರ್ಟ್ ಬಂದಾಗ

ಕೊನೆಯ ಪುಟದಲ್ಲಿ ಪಿಟಿ, ಪಿಎನ್ ಎಂದು ಅಕ್ಷರ ಮತ್ತು ಅಂಕಿ ಇರುತ್ತದೆ. ಪಿ ಅಂದರೆ ಪೆಥಾಲಜಿಯಲ್ಲಿ ನೋಡಿದ್ದು. ಟಿ ಅಂದರೆ ಗಡ್ಡೆ ಕರುಳಿನ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು. ಟಿ1 ಒಳಪದರದ ಕೆಳಗೆ, ಟಿ2 ಸ್ನಾಯುವಿನಲ್ಲಿ, ಟಿ3 ಸ್ನಾಯು ದಾಟಿ ಕೊಬ್ಬಿಗೆ, ಟಿ4 ಹೊರ ಹೊದಿಕೆ ಸೀಳಿದೆ ಅಥವಾ ಪಕ್ಕದ ಅಂಗ ಹೊಕ್ಕಿದೆ.

ಎನ್ ಅಂದರೆ ಗ್ರಂಥಿಗಳ ಲೆಕ್ಕ. ಯಾವುದರಲ್ಲೂ ಕ್ಯಾನ್ಸರ್ ಇಲ್ಲದಿದ್ದರೆ ಎನ್0. ಒಂದರಲ್ಲಿ ಇದ್ದರೆ ಎನ್1ಎ, ಎರಡು ಮೂರರಲ್ಲಿ ಇದ್ದರೆ ಎನ್1ಬಿ. ನಾಲ್ಕರಿಂದ ಆರು ಎನ್2ಎ, ಏಳು ಮತ್ತು ಮೇಲ್ಪಟ್ಟು ಎನ್2ಬಿ. ಎನ್1ಸಿ ಎಂದಿದ್ದರೆ ಗ್ರಂಥಿಗಳು ಚೊಕ್ಕವಾಗಿದ್ದರೂ ಕೊಬ್ಬಿನಲ್ಲಿ ಬಿಡಿಯಾಗಿ ಕ್ಯಾನ್ಸರ್ ಗಂಟು ಸಿಕ್ಕಿದೆ ಎಂದರ್ಥ. ಚಿಕಿತ್ಸೆಯ ಲೆಕ್ಕದಲ್ಲಿ ಅದೂ ಮೂರನೇ ಹಂತವೇ. ಪಕ್ಕದಲ್ಲಿ 2/17 ಎಂದಿದ್ದರೆ ಹದಿನೇಳು ಸಿಕ್ಕಿವೆ, ಎರಡರಲ್ಲಿ ಕ್ಯಾನ್ಸರ್ ಇದೆ. ನಾನು ಹೇಳಿದ ಎರಡು ಸಂಖ್ಯೆ ಇದೇ.

ಗ್ರಂಥಿ ನೋಡಿ ರೋಗದ ಹಂತ ಹೇಳುವ ಪದ್ಧತಿಗೆ ತಳಪಾಯ ಹಾಕಿದ್ದು ನಮ್ಮ ಕಸುಬಿನವರೇ ಎಂಬುದು ನನಗೆ ಹೆಮ್ಮೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪೆಥಾಲಜಿಸ್ಟ್ ಕತ್ಬರ್ಟ್ ಡ್ಯೂಕ್ಸ್, 1932ರಲ್ಲಿ ಗುದನಾಳದ ಕ್ಯಾನ್ಸರನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಗ್ರಂಥಿಗೆ ಹೋಗಿದ್ದರೆ ಸಿ. ಈಗಿನ ಮೂರನೇ ಹಂತ ಅದರದೇ ಮುಂದುವರಿಕೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಅಕ್ಕಪಕ್ಕದ ಗ್ರಂಥಿಗೆ ಹರಡಿದೆ ಅಂದರೆ ಲಾಸ್ಟ್ ಸ್ಟೇಜ್ ಅಲ್ಲ. ಅದು ಮೂರನೇ ಹಂತ, ಮತ್ತು ಮೂರನೇ ಹಂತದಲ್ಲಿ ಗುಣ ಮಾಡುವ ಉದ್ದೇಶದಿಂದಲೇ ಚಿಕಿತ್ಸೆ ಕೊಡುತ್ತಾರೆ. ಗ್ರಂಥಿಗೆ ಹೋಗದೆ, ಗಡ್ಡೆ ಮಾತ್ರ ಟಿ3 ಅಥವಾ ಟಿ4 ಇದ್ದರೆ ಎರಡನೇ ಹಂತ. ನಾಲ್ಕನೇ ಹಂತ ಅಂದರೆ ಲಿವರ್, ಶ್ವಾಸಕೋಶ, ಹೊಟ್ಟೆಯ ಒಳಹೊದಿಕೆ ಅಥವಾ ದೂರದ ಗ್ರಂಥಿಗಳಿಗೆ ಹೋಗಿರುವುದು. "ಹರಡಿದೆ" ಎಂಬ ಒಂದೇ ಮಾತು ಕೇಳಿ, ಮುಂದಿನ ಚಿಕಿತ್ಸೆಗೆ ಹೋಗದೆ ಮನೆಗೆ ಕರೆದುಕೊಂಡು ಹೋದವರನ್ನು ನಾನು ಕಂಡಿದ್ದೇನೆ. ಹಾಗೆ ಮಾಡಬೇಡಿ. ಚಾಕು ತಾಗಿದ್ದಕ್ಕೇ ಹರಡಿತು ಎಂದು ಹೇಳುವ ನೆಂಟರೂ ಇರುತ್ತಾರೆ. ಗ್ರಂಥಿಯಲ್ಲಿ ನಮಗೆ ಕಾಣುವುದು ಆಪರೇಷನ್ನಿಗೆ ಮುಂಚೆಯೇ ಅಲ್ಲಿಗೆ ಹೋಗಿ ಬೆಳೆದದ್ದು.

ಹನ್ನೆರಡಕ್ಕಿಂತ ಕಡಿಮೆ ಇದ್ದರೆ

ಕನಿಷ್ಠ 12 ಗ್ರಂಥಿಗಳನ್ನು ನೋಡಬೇಕು ಎಂಬುದು ಜಗತ್ತಿನಾದ್ಯಂತ ಒಪ್ಪಿದ ಅಳತೆ. ಆರರಲ್ಲಿ ಸೊನ್ನೆ ಎಂಬುದಕ್ಕೂ ಇಪ್ಪತ್ತರಲ್ಲಿ ಸೊನ್ನೆ ಎಂಬುದಕ್ಕೂ ಬಹಳ ವ್ಯತ್ಯಾಸ ಇದೆ ಅಲ್ವಾ? ಆರೇ ನೋಡಿದ್ದರೆ, ನೋಡದೆ ಬಿಟ್ಟ ಏಳನೆಯದರಲ್ಲಿ ಕ್ಯಾನ್ಸರ್ ಇದ್ದಿರಬಹುದು.

ಕಡಿಮೆ ಸಿಕ್ಕರೆ ತಕ್ಷಣ ಯಾರನ್ನೂ ದೂರಬೇಡಿ. ವಯಸ್ಸಾದವರಲ್ಲಿ ಗ್ರಂಥಿಗಳು ಸಣ್ಣಗಾಗಿ ಸಿಗುವುದು ಕಷ್ಟ. ಎಡಭಾಗದ ಕರುಳಿನಲ್ಲಿ ಬಲಭಾಗಕ್ಕಿಂತ ಕಡಿಮೆ ಸಿಗುತ್ತವೆ. ತುರ್ತು ಆಪರೇಷನ್ನಿನಲ್ಲಿ ಚಿಕ್ಕ ತುಂಡು ಬಂದಿರಬಹುದು. ಆದರೆ ಲ್ಯಾಬಿನಲ್ಲಿ ಅರ್ಧಂಬರ್ಧ ಹುಡುಕಿಯೂ ಇರಬಹುದು. ಇದಕ್ಕೆ ಪರಿಹಾರ ಇದೆ, ಮತ್ತು ಅದಕ್ಕೆ ಗಡುವೂ ಇದೆ. ರಿಪೋರ್ಟ್ ಕೊಟ್ಟ ಮೇಲೂ ಉಳಿದ ಕೊಬ್ಬು ಕೆಲವು ವಾರ ಲ್ಯಾಬಿನ ಡಬ್ಬಿಯಲ್ಲೇ ಇರುತ್ತದೆ. ಆಮೇಲೆ ಬಿಸಾಡುತ್ತಾರೆ. ಆದ್ದರಿಂದ ರಿಪೋರ್ಟ್ ಕೈಗೆ ಬಂದ ದಿನವೇ ಸಂಖ್ಯೆ ನೋಡಿ. ಹನ್ನೆರಡಕ್ಕಿಂತ ಕಡಿಮೆ ಇದ್ದರೆ ಲ್ಯಾಬಿಗೆ ಹೋಗಿ, "ಉಳಿದ ಕೊಬ್ಬಿನಲ್ಲಿ ಇನ್ನೊಮ್ಮೆ ಗ್ರಂಥಿ ಹುಡುಕಿ ಮೇಡಂ" ಎಂದು ಕೇಳಿ. ನಾವು ಸಿಟ್ಟು ಮಾಡುವುದಿಲ್ಲ. ಎರಡನೇ ಸಲ ಹುಡುಕಿದಾಗ ಇನ್ನಷ್ಟು ಸಿಗುವುದು ಸಾಮಾನ್ಯ. ಅದರಲ್ಲಿ ಒಂದು ಪಾಸಿಟಿವ್ ಬಂದರೂ ರೋಗಿಯ ಹಂತ ಎರಡರಿಂದ ಮೂರಕ್ಕೆ ಹೋಗುತ್ತದೆ.

ಎಷ್ಟು ಹುಡುಕಿದರೂ ಹನ್ನೆರಡು ಮುಟ್ಟದಿದ್ದರೆ ಆ ವಿಷಯವನ್ನು ಕ್ಯಾನ್ಸರ್ ಡಾಕ್ಟರಾದ ಆಂಕಾಲಜಿಸ್ಟ್‌ಗೆ ತೋರಿಸಿ. ಎರಡನೇ ಹಂತದವರಿಗೆ ಎಲ್ಲರಿಗೂ ಕೀಮೋ ಬೇಕಿಲ್ಲ. ಆದರೆ ಗ್ರಂಥಿ ಕಡಿಮೆ ಸಿಕ್ಕಿರುವುದು, ಟಿ4, ಕರುಳು ತೂತಾಗಿದ್ದು, ಇವೆಲ್ಲ ಕೀಮೋ ಕಡೆಗೆ ತೂಗುವ ಕಾರಣಗಳು.

ಗ್ರಂಥಿ ಪಾಸಿಟಿವ್ ಆದರೆ

ಕೀಮೋ ಮಾತು ಬರುತ್ತದೆ. ಸಾಮಾನ್ಯವಾಗಿ ಆಪರೇಷನ್ ಆದ ಎಂಟು ವಾರದೊಳಗೆ ಶುರು ಮಾಡುವುದು ಒಳ್ಳೆಯದು. ಗಾಯ ಮಾಯಲಿ, ಹಬ್ಬ ಮುಗಿಯಲಿ ಎಂದು ಮುಂದೂಡಬೇಡಿ.

ಹೆಚ್ಚು ಬಳಸುವುದು ಎರಡು ಬಗೆ. ಕೇಪಾಕ್ಸ್‌ನಲ್ಲಿ ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಹದಿನಾಲ್ಕು ದಿನ ಕೇಪ್‌ಸಿಟಾಬಿನ್ ಮಾತ್ರೆ, ಒಂದು ವಾರ ಬಿಡುವು. ಫಾಲ್‌ಫಾಕ್ಸ್‌ನಲ್ಲಿ ಎರಡು ವಾರಕ್ಕೊಮ್ಮೆ ಡ್ರಿಪ್. ಮೊದಲೆಲ್ಲ ಎಲ್ಲರಿಗೂ ಆರು ತಿಂಗಳು ಕೊಡುತ್ತಿದ್ದರು. 2018ರಲ್ಲಿ ಐಡಿಯಾ ಎಂಬ ಹೆಸರಿನಲ್ಲಿ ಆರು ಟ್ರಯಲ್‌ಗಳ 12,834 ರೋಗಿಗಳ ಲೆಕ್ಕ ಒಟ್ಟಿಗೆ ಬಂತು. ಟಿ1ರಿಂದ ಟಿ3 ಮತ್ತು ಎನ್1 ಇದ್ದವರಿಗೆ ಕೇಪಾಕ್ಸ್ ಮೂರು ತಿಂಗಳು ಕೊಟ್ಟರೂ ಆರು ತಿಂಗಳಿನಷ್ಟೇ ಫಲ ಎಂದು ಕಂಡಿತು. ಟಿ4 ಅಥವಾ ಎನ್2 ಇದ್ದವರಿಗೆ ಈಗಲೂ ಆರು ತಿಂಗಳ ಕಡೆಗೇ ಒಲವು. ಮೂರು ಗ್ರಂಥಿಯೋ ನಾಲ್ಕು ಗ್ರಂಥಿಯೋ ಎಂಬುದು ಎಷ್ಟು ದೊಡ್ಡ ವಿಷಯ ಎಂದು ಇದರಿಂದ ತಿಳಿಯುತ್ತದೆ. ಆಕ್ಸಾಲಿಪ್ಲಾಟಿನ್ ಕೈಕಾಲು ಬೆರಳಿನ ನರಗಳಿಗೆ ಜೋಮು ಹಿಡಿಸುತ್ತದೆ. ಡ್ರಿಪ್ ಆದ ಕೆಲವು ದಿನ ತಣ್ಣೀರು ಮುಟ್ಟಬಾರದು, ಫ್ರಿಜ್ಜಿನ ಸಾಮಾನು ಹಿಡಿಯಬಾರದು. ಬೆಳಗ್ಗೆ ಬಾಗಿಲಿಗೆ ನೀರು ಹಾಕುವ ಕೆಲಸವನ್ನೂ ಬೇರೆಯವರು ಮಾಡಲಿ.

ಕೀಮೋ ನಿರ್ಧಾರಕ್ಕೆ ಮುಂಚೆ ಎಂಎಂಆರ್ ಟೆಸ್ಟ್ ಆಗಿದೆಯಾ ಕೇಳಿ. ಗಡ್ಡೆಯ ಮೇಣದ ಬ್ಲಾಕಿನಲ್ಲೇ ಡಿಎನ್ಎ ತಪ್ಪು ತಿದ್ದುವ ನಾಲ್ಕು ಪ್ರೋಟೀನು ಇವೆಯಾ ಇಲ್ಲವಾ ಎಂದು ನೋಡುವ ಪರೀಕ್ಷೆ ಇದು. ಎರಡನೇ ಹಂತದಲ್ಲಿ ಈ ಪ್ರೋಟೀನು ಕಾಣೆಯಾಗಿದ್ದರೆ ರೋಗ ಮರಳುವ ಸಾಧ್ಯತೆ ಕಡಿಮೆ, ಮತ್ತು ಬರೀ 5-ಎಫ್‌ಯು ಜಾತಿಯ (ಕೇಪ್‌ಸಿಟಾಬಿನ್ ಇದೇ ಜಾತಿ) ಕೀಮೋದಿಂದ ಲಾಭವೂ ಕಾಣುವುದಿಲ್ಲ.

ಎರಡನೇ ಅಭಿಪ್ರಾಯ ಬೇಕೆಂದರೆ ಲ್ಯಾಬಿನಿಂದ ಸ್ಲೈಡ್ ಮತ್ತು ಬ್ಲಾಕ್ ಪಡೆದು ಬೆಂಗಳೂರಿನ ಕಿದ್ವಾಯಿಗೋ ಮುಂಬೈನ ಟಾಟಾ ಮೆಮೋರಿಯಲ್‌ಗೋ ಒಯ್ಯಬಹುದು. ಅವು ನಿಮ್ಮ ಹಕ್ಕು. ಸಹಿ ಹಾಕಿ ತಗೊಳ್ಳಿ, ಕೆಲಸ ಆದ ಮೇಲೆ ಬ್ಲಾಕ್ ವಾಪಸ್ ಕೊಡಿ ಅಥವಾ ಜೋಪಾನ ಮಾಡಿ. ಬ್ಲಾಕ್ ಮೇಣದ್ದು. ಬಸ್ಸಿನ ಬಾನೆಟ್ ಮೇಲೆ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇಟ್ಟರೆ ಹಾಳಾಗುತ್ತದೆ. ಖರ್ಚಿನ ವಿಷಯದಲ್ಲಿ, ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ ಇದೆ. ಆಪರೇಷನ್ನಿಗೆ ಮುಂಚೆಯೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ಚಿಕಿತ್ಸೆ ಮುಗಿದ ಮೇಲೆ ಐದು ವರ್ಷ ನಿಗಾ ಬೇಕು. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಸಿಇಎ, ಆಮೇಲೆ ಆರು ತಿಂಗಳಿಗೊಮ್ಮೆ. ಸಿಟಿಯನ್ನು ಡಾಕ್ಟರ್ ಹೇಳಿದ ಹಾಗೆ, ಹೆಚ್ಚಾಗಿ ವರ್ಷಕ್ಕೊಮ್ಮೆ. ಆಪರೇಷನ್ ಆಗಿ ಒಂದು ವರ್ಷ ಆದಾಗ ಕೊಲೊನೋಸ್ಕೋಪಿ. ದಿನಾ ನಡೆಯಿರಿ. ಕೀಮೋ ಮುಗಿದವರಿಗೆ ಕ್ರಮವಾದ ವ್ಯಾಯಾಮ ಮಾಡಿಸಿದರೆ ರೋಗ ಮರಳುವುದು ಕಡಿಮೆಯಾಗುತ್ತದೆ ಎಂದು 2025ರಲ್ಲಿ ಚಾಲೆಂಜ್ ಎಂಬ ಟ್ರಯಲ್ ತೋರಿಸಿದೆ.

ಕೊನೆಯದಾಗಿ ಮನೆಯವರ ವಿಷಯ. ರೋಗಿಯ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು 40ನೇ ವಯಸ್ಸಿಗೆ, ಅಥವಾ ರೋಗಿಗೆ ಕಾಯಿಲೆ ಗೊತ್ತಾದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು. ಅಪ್ಪನಿಗೆ 45ಕ್ಕೆ ಬಂದಿದ್ದರೆ ಮಗನಿಗೆ 35ಕ್ಕೆ. ಎಂಎಂಆರ್ ಪ್ರೋಟೀನು ಕಾಣೆಯಾಗಿದೆ ಎಂದು ರಿಪೋರ್ಟ್ ಹೇಳಿದರೆ ಲಿಂಚ್ ಸಿಂಡ್ರೋಮ್ ಎಂಬ ವಂಶವಾಹಿ ಕಾಯಿಲೆ ಇರಬಹುದು. ಆಗ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಬೇಕು. ಅದು ಇದೆ ಎಂದು ಖಚಿತವಾದರೆ, ಅದನ್ನು ಪಡೆದ ಮಕ್ಕಳಿಗೆ ಸಾಮಾನ್ಯವಾಗಿ 20ರಿಂದ 25ನೇ ವಯಸ್ಸಿಗೇ ಕೊಲೊನೋಸ್ಕೋಪಿ ಶುರು ಮಾಡಿ, ಒಂದೆರಡು ವರ್ಷಕ್ಕೊಮ್ಮೆ ಮಾಡಿಸುತ್ತಾ ಹೋಗಬೇಕಾಗುತ್ತದೆ.